ಇನ್ನೆರಡು ವರ್ಷ, ಆಮೇಲೆ ಊರಿಗೆ

ನನ್ನ ಹತ್ರ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಪ್ರಕಾಶ್ ಅಂತ ಕರೆಯುತ್ತೇನೆ.

ಪ್ರಕಾಶ್‌ಗೆ 27 ವರ್ಷ. ಹುಟ್ಟಿ ಬೆಳೆದದ್ದು ಗೋವಾದ ವಾಸ್ಕೋದಲ್ಲಿ. ಅಪ್ಪ, ಅವ್ವ ಗದಗಿನ ಬೆಟಗೇರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಇವರಿಗೆ ವೆರ್ಣಾದ ಒಂದು ಔಷಧ ಕಂಪನಿಯಲ್ಲಿ ಸ್ಟೋರ್ಸ್ ಕೆಲಸ. ನನ್ನ ಹತ್ರ ಬಂದಾಗ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಊಟ ಸೇರುತ್ತಿರಲಿಲ್ಲ. ಭಾನುವಾರದ ಆರಾಧನೆಗೆ ಹೋಗೋದನ್ನೂ ಬಿಟ್ಟಿದ್ದರು.

ಮೊದಲ ಅರ್ಧ ಗಂಟೆ ಇಂಗ್ಲಿಷಿನಲ್ಲೇ ಮಾತಾಡಿದರು. ಆಮೇಲೆ ಕೊಂಕಣಿ. ಅವ್ವನ ಸುದ್ದಿ ಬಂದ ಕೂಡಲೇ ಗದಗಿನ ಕನ್ನಡ ಹೊರಗೆ ಬಂತು.

ಒಂದು ಸಂಜೆ ವಾಸ್ಕೋ ಬಸ್ ಸ್ಟ್ಯಾಂಡಿನಲ್ಲಿ ಜೊತೆಗೆ ಕೆಲಸ ಮಾಡುವವರೊಂದಿಗೆ ನಿಂತಿದ್ದರಂತೆ. ಅವ್ವ ಕೆಲಸ ಮುಗಿಸಿ ಬರುತ್ತಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಸುತ್ತಿದ ಟವೆಲ್. ದೂರದಿಂದಲೇ "ತಮ್ಮಾ, ಊಟಾ ಆತೇನೋ?" ಅಂತ ಕೂಗಿದರು. ಇವರು ಕೊಂಕಣಿಯಲ್ಲಿ "ಜೆವ್ಲೊಂ" ಅಂದು ಮುಖ ತಿರುಗಿಸಿದರು. ಅವ್ವ ಹತ್ತಿರ ಬರಲಿಲ್ಲ. ಮನೆಯಲ್ಲೂ ಆ ಮಾತು ಎತ್ತಲಿಲ್ಲ. "ಸಿಮೆಂಟ್ ಮೆತ್ತಿದ್ದ ಆ ಅಂಗಿ ನಾ ಕಾಲೇಜಿಗೆ ಹಾಕ್ಕೊಂಡು ಹೋಗ್ತಿದ್ದದ್ದರೀ" ಅಂದವರು ತುಂಬಾ ಹೊತ್ತು ಅತ್ತರು.

ಘಟ್ಟದಾಚೆಯಿಂದ ಬಂದವರನ್ನು ಗೋವಾದಲ್ಲಿ ಕೆಲವರು 'ಘಾಂಟಿ' ಅಂತಾರೆ. ಅದು ಬೈಗುಳವೇ. ಪ್ರಕಾಶ್ ಅದನ್ನು ಶಾಲೆಯಲ್ಲಿ ಕೇಳಿದ್ದರು, ಈಗ ಕೆಲಸದ ಜಾಗದಲ್ಲೂ ಕೇಳುತ್ತಿದ್ದರು. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗದಗಿಗೆ ಹೋದರೆ ಅಲ್ಲಿ ಚಿಕ್ಕಪ್ಪನ ಮಕ್ಕಳು "ಗೋವಾದಾಂವ ಬಂದ" ಅಂತ ನಗುತ್ತಾರೆ. ಬೆಟಗೇರಿಗೆ ಪ್ರಾಟೆಸ್ಟೆಂಟ್ ಕ್ರೈಸ್ತರ ಬಾಸೆಲ್ ಮಿಶನ್ ಬಂದದ್ದು 1841ರಲ್ಲಿ. ಇವರ ಮನೆತನಕ್ಕೆ ಕ್ರೈಸ್ತ ನಂಬಿಕೆ ಹೊಸದಲ್ಲ. ಆದರೂ ವಾಸ್ಕೋದ ಓಣಿಯ ಕನ್ನಡದವರಿಗೆ ಇವರು ಚರ್ಚಿನವರು, ಇಲ್ಲಿಯ ಕಥೋಲಿಕರಿಗೆ ಕನ್ನಡದವರು. "ನಾ ಎಲ್ಲ್ಯಾಂವ ಅಕ್ಕಾರ? ದೇವರು ನನ್ನ ಯಾತಕ್ಕ ಹುಟ್ಟಿಸ್ಯಾನ?" ಅಂತ ಕೇಳಿದರು.

ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳೋದರಿಂದ ಆ ಯೋಚನೆ ಹುಟ್ಟೋದಿಲ್ಲ, ಕೇಳದೇ ಬಿಡೋದೇ ಅಪಾಯ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಹಾಕಿಸಿದೆ. ಡಾಕ್ಟರ ಹತ್ರ ಒಮ್ಮೆ ತೋರಿಸಿಕೊಳ್ಳಿ ಅಂತಲೂ ಹೇಳಿದೆ.

ನಾನೂ ಕ್ರೈಸ್ತ ಸಭೆಯಲ್ಲೇ ಬೆಳೆದವಳು. ಆದರೆ ಬಂದವರು ತಾವಾಗಿ ಮಾತೆತ್ತದೆ ನಾನು ಸತ್ಯವೇದ (ಬೈಬಲ್) ತೆರೆಯೋದಿಲ್ಲ. ಪ್ರಕಾಶ್ ದೇವರನ್ನೇ ಕೇಳಿದ್ದರಲ್ಲ, ಅದಕ್ಕೇ ಪ್ರವಾದಿ ಎಲೀಯನ ಕಥೆ ನೆನಪಿಸಿದೆ. ಅರಸುಗಳು ಮೊದಲನೇ ಪುಸ್ತಕದ 19ನೇ ಅಧ್ಯಾಯ. ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಎಲೀಯ ಅಡವಿಯಲ್ಲಿ ಮಲಗಿಬಿಡುತ್ತಾನೆ. ದೂತ ಬಂದು ಉಪದೇಶ ಮಾಡೋದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ಊಟವೇ. "ಮೊದಲು ಹದಿನೈದು ದಿನ ಇಷ್ಟೇ ಮಾಡಿ. ಹೊತ್ತಿಗೆ ಸರಿಯಾಗಿ ಉಣ್ಣಿ, ರಾತ್ರಿ ಫೋನ್ ದೂರ ಇಟ್ಟು ಮಲಗಿ. ಹುಟ್ಟಿದ್ದು ಯಾಕೆ ಅನ್ನೋದು ಆಮೇಲೆ ಮಾತಾಡೋಣ" ಅಂದೆ.

ಮೂರನೇ ಭೇಟಿಗೆ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಕೋಪವೂ ಬಂದಿತ್ತು, ಅದು ಒಳ್ಳೆಯದೇ. ಮನೆಯಲ್ಲಿ ಯೆರೆಮೀಯ 29:11 ಇರುವ ಕ್ಯಾಲೆಂಡರ್ ಇದೆಯಂತೆ. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆ ಅಂತ ದೇವರು ಹೇಳುವ ವಚನ. ಕಷ್ಟ ಅಂದಾಗಲೆಲ್ಲ ಸಭೆಯವರು ಅದನ್ನೇ ಹೇಳುತ್ತಿದ್ದರು. "ಸಾಕಾಗೇತ್ರಿ ಆ ವಚನ" ಅಂದರು.

ಅಧ್ಯಾಯದ ಮೊದಲಿಂದ ಜೋರಾಗಿ ಓದಿ ಅಂದೆ. ಅದು ಪ್ರವಾದಿ ಯೆರೆಮೀಯ ಬರೆದ ಪತ್ರ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನ್) ಸೆರೆಹೋದವರಿಗೆ ಬರೆದದ್ದು. ಪರದೇಶದಲ್ಲಿದ್ದವರಿಗೆ ಬಂದ ಮಾತು ಅನ್ನೋದನ್ನು ಬಿಟ್ಟು 11ನೇ ವಚನ ಒಂದನ್ನೇ ಕತ್ತರಿಸಿ ಕೊಡುತ್ತೇವೆ. ಅದು ನನಗೆ ಯಾವತ್ತೂ ಬೇಸರ ತರಿಸುವ ಸಂಗತಿ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋನು ಎರಡೇ ವರ್ಷದಲ್ಲಿ ಎಲ್ಲರೂ ಊರಿಗೆ ವಾಪಸ್ ಅಂತ ಸಾರಿರುತ್ತಾನೆ. ಯೆರೆಮೀಯ ಇಲ್ಲ ಅನ್ನುತ್ತಾನೆ. ಎಪ್ಪತ್ತು ವರ್ಷ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ.

ಪ್ರಕಾಶ್ 'ಎರಡು ವರ್ಷ' ಅನ್ನುವಲ್ಲೇ ನಿಂತುಬಿಟ್ಟರು. "ನಮ್ಮಪ್ಪನೂ ಇದನ್ನ ಅಂತಾನ್ರಿ. ಇನ್ನೆರಡು ವರ್ಷ, ಆಮ್ಯಾಲೆ ಊರಿಗೆ. ನಾ ಸಣ್ಣಾಂವ ಇದ್ದಾಗಿಂದ." ಮನೆಯಲ್ಲಿ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇದೆಯಂತೆ. ಕೌದಿ, ಹಿತ್ತಾಳೆ ಪಾತ್ರೆ, ಮದುವೆಯ ಫೋಟೊ, ಅಜ್ಜನ ಸತ್ಯವೇದ, ಎಲ್ಲ ಕಟ್ಟಿಟ್ಟೇ ಇದೆ. ಹೇಗೂ ಹೋಗೋದು ಅಂತ ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. ಆ ಕ್ಯಾಲೆಂಡರ್ ಕಿಟಕಿಯ ಸರಳಿಗೆ ತೂಗುಹಾಕಿದ್ದು.

ಘಾಂಟಿ ಅಂದವರದ್ದು ತಪ್ಪೇ. ಆದರೆ ಈ ಮನೆಯಲ್ಲೂ ಯಾರೂ ಇಲ್ಲಿ ಕಾಲೂರಿರಲಿಲ್ಲ. ಎಲ್ಲರೂ ಒಪ್ಪಿಕೊಂಡ ಮೇಲೆ ಬದುಕು ಶುರು ಅಂತ ಪ್ರಕಾಶ್ ಕಾಯುತ್ತಿದ್ದರು. ಆ ಪತ್ರ ಕಾಯಲು ಹೇಳೋದಿಲ್ಲ. ಬಾಬೆಲಿನವರು ನಿಮ್ಮನ್ನು ಪ್ರೀತಿಸಿದ ಮೇಲೆ ತೋಟ ಮಾಡಿ ಅಂತ ಅದರಲ್ಲಿ ಎಲ್ಲಿಯೂ ಇಲ್ಲ. ಇದನ್ನೇ ಅವರಿಗೆ ಹೇಳಿದೆ.

ಆ ವಾರಕ್ಕೆ ಮೂರು ಕೆಲಸ ಕೊಟ್ಟೆ. ಅಪ್ಪನನ್ನು ಕೇಳಿ ಟ್ರಂಕಿನಿಂದ ಒಂದೇ ಒಂದು ವಸ್ತು ಹೊರಗೆ ತೆಗೆಯಬೇಕು. ಒಂದು ಗಿಡ ನೆಡಬೇಕು. ಮೂರನೆಯದು ಅವ್ವನ ಜೊತೆ ಬಸ್ ಸ್ಟ್ಯಾಂಡಿನ ಮಾತು. ಅದು ಸುಮ್ನೆ ಬಾಯಿಮಾತಿನ ಕ್ಷಮೆ ಆಗಬಾರದು, ನಡೆದದ್ದನ್ನು ನಡೆದ ಹಾಗೇ ಹೇಳಬೇಕು ಅಂದೆ.

ಅವರು ಇನ್ನೊಂದು ಕೇಳಿದರು. ನಂಬಿಕೆ ಇದ್ದರೆ ಬೈಗುಳ ಸಹಿಸ್ಕೊಂಡೇ ಇರಬೇಕಾ? ಇಲ್ಲ. ನಿಮ್ಮ ಮಧ್ಯೆ ಇರುವ ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿ, ನೀವೂ ಐಗುಪ್ತದಲ್ಲಿ (ಈಜಿಪ್ಟ್) ಪರದೇಶಿಗಳಾಗಿದ್ದಿರಿ ಅನ್ನುತ್ತೆ ಯಾಜಕಕಾಂಡ 19:34. ಆ ಹೊಣೆ ಊರಿನವರ ಮೇಲಿದೆ. ಹಾಗಾಗಿ ಆ ಮಾತು ಆಡಿದವರಿಗೆ, ಒಬ್ಬರೇ ಇದ್ದಾಗ, "ನನ್ನನ್ನು ಹಾಗೆ ಕರೀಬೇಡಿ" ಅನ್ನೋದನ್ನು ನನ್ನೆದುರೇ ಹತ್ತು ಸಲ ಹೇಳಿಸಿದೆ. ಮೊದಲ ಸಲ ದನಿಯೇ ಬರಲಿಲ್ಲ.

ಆಮೇಲೆ ಒಟ್ಟು ಆರು ಭೇಟಿ ಆದವು. ನಿದ್ದೆ ಸರಿಹೋಯಿತು. ಆ ಬೈಗುಳ ಆಡಿದವರಲ್ಲಿ ಒಬ್ಬರು ಸಾರಿ ಅಂದರು, ಇನ್ನೊಬ್ಬರು ಮಾತು ಬಿಟ್ಟರು. ಕೆಲವು ದಿನ ಈಗಲೂ ಮನಸ್ಸು ಕುಗ್ಗುತ್ತದೆ. ಅಂಥ ದಿನ ನನಗೆ ಫೋನ್ ಮಾಡ್ತಾರೆ.

ತಾನು ಯಾಕೆ ಅನ್ನೋ ಪ್ರಶ್ನೆಗೆ ಅವರೇ ಒಂದು ದಾರಿ ಹುಡುಕಿಕೊಂಡರು. ಓಣಿಯ ಗಾರೆ ಕೆಲಸದವರು ಬಾಂಬೋಳಿಯ ದೊಡ್ಡಾಸ್ಪತ್ರೆಗೆ ಹೋದರೆ ಕೊಂಕಣಿ, ಇಂಗ್ಲಿಷ್ ತಿಳಿಯದೆ ಕಂಗಾಲಾಗುತ್ತಾರೆ. ಪ್ರಕಾಶ್ ರಜೆ ಇರುವ ದಿನ ಅವರ ಜೊತೆ ಹೋಗಿ ಡಾಕ್ಟರ ಮಾತು ಕನ್ನಡಕ್ಕೆ, ಇವರ ಮಾತು ಕೊಂಕಣಿಗೆ ಮಾಡುತ್ತಾರೆ. ಮೊದಲ ದಿನ ಜೊತೆಗಿದ್ದ ಮುದುಕಿ "ಯಾವೂರಪ್ಪಾ ನಿಂದು?" ಅಂತ ಕೇಳಿದರಂತೆ. "ವಾಸ್ಕೋ, ಅಮ್ಮಾ. ನಮ್ಮ ಹಿರೇರು ಬೆಟಗೇರಿಯವರು" ಅಂದೆ ಅಂತ ನನಗೆ ಹೇಳಿದರು.

ಅಪ್ಪ ಈಗಲೂ ಇನ್ನೆರಡು ವರ್ಷ ಅಂತಾರೆ. ಆದರೆ ಕೌದಿ ಮಂಚದ ಮೇಲೆ ಬಂದಿದೆ. ಹಳೇ ಪೇಂಟ್ ಡಬ್ಬಿಯಲ್ಲಿ ನೆಟ್ಟ ಕರಿಬೇವಿಗೆ ಅವ್ವ ದಿನಾ ನೀರು ಹಾಕ್ತಾರಂತೆ.