ಮಗುವಿಗೆ ಮದ್ರಾಸ್ ಐ ಆಗಿದೆ, ಮನೆಯಲ್ಲಿ ಉಳಿದಿರುವ ಹಳೆಯ ಕಣ್ಣಿನ ಹನಿ ಹಾಕಬಹುದೇ?
ದಯವಿಟ್ಟು ಹಾಕಬೇಡಿ. ಮಳೆಗಾಲದಲ್ಲಿ ಶಾಲೆಗಳಲ್ಲಿ ಹರಡುವ ಮದ್ರಾಸ್ ಐ ಹೆಚ್ಚಾಗಿ ಅಡಿನೋವೈರಸ್‌ನಿಂದ ಬರುತ್ತದೆ. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಹಳೆಯ ಬಾಟಲಿಯಲ್ಲಿ ಸ್ಟೀರಾಯ್ಡ್ ಇದ್ದರಂತೂ ಅಪಾಯ: ಮೇಲೆ ಕೆಂಪು ಇಳಿದಂತೆ ಕಂಡರೂ, ಹರ್ಪಿಸ್ ವೈರಸ್ ಅಥವಾ ಶಿಲೀಂಧ್ರದ ಸೋಂಕಿದ್ದರೆ ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಹಾಳಾಗಬಹುದು. ಎದೆಹಾಲು, ಸೊಪ್ಪಿನ ರಸ ಹಿಂಡುವುದೂ ಬೇಡವೇ ಬೇಡ.

ನೀರು ಸುರಿಯುವುದು, ಮರಳು ಬಿದ್ದಂತೆ ಚುಚ್ಚುವುದು ವೈರಸ್‌ನ ಲಕ್ಷಣ. ರೆಪ್ಪೆ ಅಂಟಿಕೊಳ್ಳುವಷ್ಟು ಹಳದಿ ಗೀಜು ಕಟ್ಟಿದರೆ ಬ್ಯಾಕ್ಟೀರಿಯಾ ಇರಬಹುದು. ಆಗ ವೈದ್ಯರೇ ಹನಿ ಬರೆದುಕೊಡಲಿ.

ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಗೆ ಒಮ್ಮೆ ಒರೆಸಿ ಎಸೆಯಿರಿ. ಮತ್ತೆ ಒರೆಸಲು ಹೊಸ ಹತ್ತಿ. ಸಾಮಾನ್ಯವಾಗಿ 1–2 ವಾರದಲ್ಲಿ ವಾಸಿಯಾಗುತ್ತದೆ. ರೋಗಿಯ ಕಣ್ಣು ನೋಡಿದರೆ ಅಂಟುತ್ತದೆ ಎಂಬುದು ಸುಳ್ಳು. ಅಂಟುವುದು ಕೈ, ಟವೆಲ್, ದಿಂಬಿನಿಂದ. ಮಗುವಿನ ಟವೆಲ್, ದಿಂಬು ಬೇರೆ ಇಡಿ, ಸೋಪು ಹಚ್ಚಿ ಕೈ ತೊಳೆಯಿರಿ.

ತೀವ್ರ ನೋವು, ಮಂಜಾದ ದೃಷ್ಟಿ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ನವಜಾತ ಶಿಶು, ಲೆನ್ಸ್ ಧರಿಸುವವರು, ಗದ್ದೆಯಲ್ಲಿ ಭತ್ತದ ಗರಿ ಕಣ್ಣಿಗೆ ತಾಗಿದವರು ಒಂದು ದಿನವೂ ಕಾಯಬಾರದು.