‘ಒಳಗಿನ ಬ್ರಾ’ ಎಷ್ಟು ದಿನ ಹಿಡಿದಿಟ್ಟೀತು?

ಸ್ತನದ ಸೌಂದರ್ಯ ಶಸ್ತ್ರಚಿಕಿತ್ಸೆಯಲ್ಲಿ ಒಳಗಿನ ಆಧಾರಕ್ಕೆಂದು ಹೊಲಿಯುವ ಮೆಶ್ ಎಂಬ ಜಾಲರಿಯ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಅದನ್ನು ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಅವರ ಕಿವಿಗೆ ಅದನ್ನು ತುಂಬುವ ಜಾಹೀರಾತುಗಳ ಮೇಲೆ ಇದೆ.

ಇಂಪ್ಲಾಂಟ್ (ಸ್ತನದ ಗಾತ್ರ ಹೆಚ್ಚಿಸಲು ಒಳಗಿಡುವ ಚೀಲ) ಜೊತೆಗೆ ಒಳಗೆ ಮೆಶ್ ಹೊಲಿದರೆ ಅದು ಜೀವನಪೂರ್ತಿ ಬ್ರಾದಂತೆ ಹಿಡಿದಿಡುತ್ತದೆ, ಸ್ತನ ಮತ್ತೆ ಜೋಲುವುದಿಲ್ಲ ಎಂದಿದ್ದಾರೆ. ಹಾಕಿಸಿಕೊಳ್ಳಲೇ?

‘ಜೀವನಪೂರ್ತಿ’ ಎಂದವರು ನಿಮಗೆ ತಪ್ಪು ಹೇಳಿದ್ದಾರೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಮೆಶ್‌ಗಳು ಕರಗಿಹೋಗಲೆಂದೇ ತಯಾರಾದವು. ಪಾಲಿಗ್ಲ್ಯಾಕ್ಟಿನ್ ಎಂಬ ವಸ್ತುವಿನ ಮೆಶ್ ಎರಡು ಮೂರು ತಿಂಗಳಲ್ಲಿ ಕರಗುತ್ತದೆ; ಪಾಲಿಡೈಆಕ್ಸನೋನ್ ಹೆಚ್ಚೆಂದರೆ ವರ್ಷದೊಳಗೆ; ಪಿ4ಎಚ್‌ಬಿ ಎಂದು ಕರೆಯುವ ವಸ್ತುವಿಗೆ ಸುಮಾರು 18ರಿಂದ 24 ತಿಂಗಳು ಬೇಕು. ಮೆಶ್ ಕರಗುವಷ್ಟರಲ್ಲಿ ಅದರ ಕಣ್ಣುಕಣ್ಣಿನೊಳಗೂ ನಿಮ್ಮದೇ ಅಂಗಾಂಶ ಬೆಳೆದು, ಕೊಲಾಜೆನ್ (ಅಂಗಾಂಶಕ್ಕೆ ಬಲ ಕೊಡುವ ಪ್ರೋಟೀನು) ಕೂಡಿಕೊಂಡು, ಒಂದು ಗಟ್ಟಿ ಪದರ ಉಳಿಯಬೇಕೆಂಬುದು ಉದ್ದೇಶ. ಆ ಪದರ ಎಷ್ಟು ದಪ್ಪ ಬರುತ್ತದೆ, ಎಷ್ಟು ವರ್ಷ ಭಾರ ತಡೆಯುತ್ತದೆ ಎಂಬುದು ಒಬ್ಬೊಬ್ಬರ ದೇಹದಲ್ಲಿ ಒಂದೊಂದು ರೀತಿ. ಪಾಲಿಪ್ರೊಪಿಲೀನ್‌ನಂಥ ಕರಗದ ಮೆಶ್ ಕೂಡ ಇದೆ, ಆದರೆ ತೊಂದರೆ ಬಂದಾಗ ಅಂಗಾಂಶ ಹೆಣೆದುಕೊಂಡ ಮೆಶ್ಅನ್ನು ಬಿಡಿಸಿ ತೆಗೆಯುವುದು ಕಷ್ಟದ ಕೆಲಸ. ಬರೀ ಅಂದಕ್ಕಾಗಿ ನಾನು ಅದನ್ನು ಹಾಕುವುದಿಲ್ಲ.

ನನ್ನ ಮೇಜಿನ ಮೇಲೆ ಪಿ4ಎಚ್‌ಬಿ ಮೆಶ್‌ನ ಅಂಗೈಯಗಲದ ತುಂಡೊಂದಿದೆ. ಸಲಹೆಗೆ ಬಂದವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಬಿಳಿಯ, ಬೆಳಕು ತೂರಿಬರುವಷ್ಟು ತೆಳುವಾದ ಹೆಣಿಗೆ. ಕತ್ತರಿಯಲ್ಲಿ ಬೇಕಾದ ಆಕಾರಕ್ಕೆ ಕತ್ತರಿಸಿ, ಸ್ತನದ ಕೆಳಮಡಿಕೆಯಲ್ಲಿ ಎದೆಗೋಡೆಯ ಗಟ್ಟಿ ಪೊರೆಗೆ ಸೇರಿಸಿ ಹೊಲಿಯುತ್ತೇವೆ. ಅದನ್ನು ಬೆರಳ ನಡುವೆ ಎಳೆದು ನೋಡಿದವರು ಸಾಮಾನ್ಯವಾಗಿ ‘ಬ್ರಾ’ ಎಂಬ ಮಾತನ್ನು ತಾವಾಗಿಯೇ ಕೈಬಿಡುತ್ತಾರೆ.

ನಿಜವಾದ ಪ್ರಶ್ನೆ ಇರುವುದು ಭಾರದಲ್ಲಿ. ಸಿಲಿಕೋನ್ ಜೆಲ್‌ನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ, ಆದ್ದರಿಂದ 400 ಮಿಲಿಲೀಟರ್ ಇಂಪ್ಲಾಂಟ್ ಎಂದರೆ ಸುಮಾರು 400 ಗ್ರಾಂ ಭಾರ ನಿಂತಾಗ, ನಡೆದಾಗ, ಓಡಿದಾಗಲೆಲ್ಲ ಸ್ತನದ ಕೆಳಭಾಗದ ಚರ್ಮವನ್ನು ಜಗ್ಗುತ್ತಿರುತ್ತದೆ. ಗರ್ಭಧಾರಣೆಯಿಂದಲೋ ತೂಕ ಇಳಿದಿದ್ದರಿಂದಲೋ ಬಿಗಿ ಕಳೆದುಕೊಂಡ ಚರ್ಮಕ್ಕೆ ಆ ಭಾರ ಹೇರಿ, ಮೆಶ್ ಇದೆಯೆಂಬ ಧೈರ್ಯದಲ್ಲಿ ಇನ್ನೂ ದೊಡ್ಡ ಇಂಪ್ಲಾಂಟ್ ಆರಿಸಿಕೊಳ್ಳುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅಂಥವರಿಗೆ ಮೊದಲು ಬೇಕಾದದ್ದು ಚಿಕ್ಕ ಇಂಪ್ಲಾಂಟ್; ಮೆಶ್ ಬೇಕೇ ಎಂಬ ಮಾತು ಆಮೇಲಿನದು.

ಹಾಗೆಂದು ಮೆಶ್ ನಿರುಪಯೋಗಿಯಲ್ಲ. ಇಂಪ್ಲಾಂಟ್ ಕೆಳಮಡಿಕೆಯನ್ನು ದಾಟಿ ಜಾರಿದಾಗ, ಎರಡು ಕಡೆಯ ಇಂಪ್ಲಾಂಟ್‌ಗಳು ನಡುವೆ ಕೂಡಿಕೊಂಡಂತೆ ಸರಿದಾಗ, ಬರೀ ಹೊಲಿಗೆ ಒಮ್ಮೆ ಸೋತ ಮೇಲೆ ಮರುಶಸ್ತ್ರಚಿಕಿತ್ಸೆ ಮಾಡುವಾಗ ನಾನೇ ಅದನ್ನು ಬಳಸುತ್ತೇನೆ. ಚರ್ಮ ಬಿಗಿಯಾಗಿದ್ದು ಮೊದಲ ಸಲ ಶಸ್ತ್ರಚಿಕಿತ್ಸೆಗೆ ಬಂದವರಿಗೆ ಬೇಡವೆನ್ನುತ್ತೇನೆ. ಒಳಗೆ ಇಟ್ಟ ಪ್ರತಿಯೊಂದು ಪರಕೀಯ ವಸ್ತುವೂ ಸೋಂಕಿಗೆ ಇನ್ನೊಂದು ನೆಲೆ; ಸೋಂಕು ತಗುಲಿದರೆ ಮೆಶ್ ಜೊತೆಗೆ ಇಂಪ್ಲಾಂಟ್ ಅನ್ನೂ ತೆಗೆಯಬೇಕಾಗಿ ಬರಬಹುದು. ಧೂಮಪಾನಿಗಳಲ್ಲಿ ಈ ಅಪಾಯ ಹೆಚ್ಚು. ಶಸ್ತ್ರಚಿಕಿತ್ಸೆಗೆ ಆರು ವಾರ ಮೊದಲೇ ಬಿಡದವರಿಗೆ ನಾನು ಮೆಶ್ ಹಾಕುವುದಿಲ್ಲ, ಇದರಲ್ಲಿ ರಾಜಿಯಿಲ್ಲ.

ಜಾಹೀರಾತುಗಳು ಹೇಳದ ಇನ್ನೊಂದು ಮಾತಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2023ರ ನವೆಂಬರ್‌ನಲ್ಲಿ ವೈದ್ಯರಿಗೆ ಬರೆದ ಪತ್ರದಲ್ಲಿ, ಸ್ತನ ಶಸ್ತ್ರಚಿಕಿತ್ಸೆಯಲ್ಲಿ ಮೆಶ್‌ನ ಸುರಕ್ಷತೆ ಮತ್ತು ಪರಿಣಾಮಕಾರಿತ್ವವನ್ನು ತಾನು ನಿರ್ಧರಿಸಿಲ್ಲವೆಂದು ತಿಳಿಸಿತು. ಮೃದು ಅಂಗಾಂಶದ ಬಲವರ್ಧನೆಗೆಂದು ಒಪ್ಪಿಗೆ ಪಡೆದ ಮೆಶ್ಅನ್ನು ವೈದ್ಯರು ತಮ್ಮ ವಿವೇಚನೆಯಿಂದ ಸ್ತನದಲ್ಲಿ ಬಳಸುತ್ತಾ ಬಂದಿದ್ದಾರೆ. ಅದು ಅಪರಾಧವಲ್ಲ, ಆದರೆ ನಿಮಗೆ ಹೇಳದೆ ಹಾಕುವುದು ಅನ್ಯಾಯ. ವಸ್ತುವಿನ ಹೆಸರನ್ನು ಬರಹದಲ್ಲಿ ಕೊಡಲೊಪ್ಪದ ಸರ್ಜನ್ ಬಳಿಯಿಂದ ಎದ್ದು ಬನ್ನಿ.

ಮೆಶ್ ಬದಲಿಗೆ ಬಳಸುವ, ಚರ್ಮದಿಂದ ತಯಾರಾದ ಹಾಳೆ ಸಹಜ ವಸ್ತುವಾದ್ದರಿಂದ ಹೆಚ್ಚು ಸುರಕ್ಷಿತವಲ್ಲವೇ?

ಸಹಜವಾದ ಮಾತ್ರಕ್ಕೆ ಸುರಕ್ಷಿತವಲ್ಲ. ಇದು ಮೃತ ದಾನಿಯ, ಹಂದಿಯ ಅಥವಾ ದನದ ಅಂಗಾಂಶದಿಂದ ಜೀವಕೋಶಗಳನ್ನು ತೆಗೆದು ಉಳಿಸಿದ ಕೊಲಾಜೆನ್ ಹಂದರ. ಸ್ತನದ ಮರುರಚನೆಯಲ್ಲಿ ಬಳಸಿದ ಇಂಥ ಕೆಲವು ಉತ್ಪನ್ನಗಳಲ್ಲಿ ಸೋಂಕು ಮತ್ತು ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಹೆಚ್ಚಿರಬಹುದೆಂದು ಅದೇ ಸಂಸ್ಥೆ 2021ರಲ್ಲಿ ಎಚ್ಚರಿಸಿತ್ತು. ಯಾವ ಪ್ರಾಣಿಯದೆಂಬುದು ನಿಮ್ಮ ನಂಬಿಕೆಗೆ ಮುಖ್ಯವಾಗಿದ್ದರೆ ಮೊದಲೇ ಕೇಳಿ.

ಎಣ್ಣೆ ಮಸಾಜ್ ಅಥವಾ ಚರ್ಮದಡಿ ದಾರ ಹಾಯಿಸಿ ಎತ್ತುವ ದಾರದ ಲಿಫ್ಟ್‌ನಿಂದ ಇದೇ ಫಲ ಸಿಗುವುದೇ?

ಇಲ್ಲ, ಎಣ್ಣೆ ಚರ್ಮದ ಮೇಲೇ ಉಳಿಯುತ್ತದೆ, ದಾರಕ್ಕೆ ಸ್ತನದ ಭಾರ ಹೊರುವ ಶಕ್ತಿಯಿಲ್ಲ.

ಮೆಶ್ ಇದ್ದರೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಬೇಡವೇ?

ಬೇಕೇ ಬೇಕು, ಮೆಶ್ ಮತ್ತು ಇಂಪ್ಲಾಂಟ್ ಇವೆಯೆಂದು ಮ್ಯಾಮೊಗ್ರಾಮ್ ತೆಗೆಯುವವರಿಗೆ ಮೊದಲೇ ತಿಳಿಸಿ.

ಮೆಶ್ ಹಾಕಿಸಿ ಮೂರು ವಾರವಾಯಿತು, ಒಂದು ಕಡೆ ಕೆಂಪಾಗಿ ಬಿಸಿಯಿದೆ. ಕಾಯಬಹುದೇ?

ಕಾಯಬೇಡಿ, ಮನೆಮದ್ದನ್ನೂ ಹಚ್ಚಬೇಡಿ. ಈ ಉತ್ತರ ಓದಿದ ದಿನವೇ ಶಸ್ತ್ರಚಿಕಿತ್ಸೆ ಮಾಡಿದವರಿಗೆ ತೋರಿಸಿ.