ಉಸಿರು ಸಾಲಲ್ಲ, ಕಾಲು ನೋಯುತ್ತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 44 ವರ್ಷ. ಯೋಗ ಕಲಿತು ವರ್ಷದ ಮೇಲಾಯಿತು, ಸೂರ್ಯ ನಮಸ್ಕಾರ 12 ಸುತ್ತು ಸಲೀಸಾಗಿ ಹಾಕುತ್ತೇನೆ. ಮಗಳ ಮಾತು ಕೇಳಿ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟೆ. ಆದರೆ ನಮ್ಮ ಓಣಿ ದಾಟುವಷ್ಟರಲ್ಲೇ ಏದುಸಿರು! ಇಷ್ಟು ದಿನದ ಯೋಗ ದಂಡ ಆಯಿತಾ? ಓಡುವ ಬದಲು ವಾರಕ್ಕೊಮ್ಮೆ ಅಂಜನಾದ್ರಿ ಬೆಟ್ಟ ಹತ್ತಿದರೆ ಸಾಲದಾ?
— ಓದುಗರು, ಗಂಗಾವತಿ

ಉತ್ತರ: ಯೋಗ ದಂಡ ಆಗಿಲ್ಲ ಅಕ್ಕಾ, ನಿಮ್ಮ ವೇಗ ಜಾಸ್ತಿ ಆಗಿದೆ, ಅಷ್ಟೇ. ಹೊಸದಾಗಿ ಓಡುವವರು ಹೊರಟ ಬಸ್ಸು ಹಿಡಿಯುವವರ ಹಾಗೆ ಓಡುತ್ತಾರೆ, ಆಮೇಲೆ ಉಸಿರನ್ನು ಬೈಯುತ್ತಾರೆ. ಸೂರ್ಯ ನಮಸ್ಕಾರದಿಂದ ಸೊಂಟ, ತೊಡೆ ಸಡಿಲವಾಗಿವೆ. ವೃಕ್ಷಾಸನದಿಂದ ಒಂಟಿ ಕಾಲಿನ ಹಿಡಿತ ಬಂದಿದೆ, ಓಟ ಅಂದರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುವುದೇ ಅಲ್ವಾ. ಆದರೆ ಒಂದು ಗಂಟೆ ಬಿಡದೆ ದುಡಿಯುವ ರೂಢಿ ನಿಮ್ಮ ಹೃದಯಕ್ಕೆ ಇನ್ನೂ ಆಗಿಲ್ಲ.

ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಎಂಟು ಸಲ, ವಾರಕ್ಕೆ ಮೂರು ದಿನ. ಓಡುತ್ತಲೇ ಮಗಳ ಜೊತೆ ಮಾತಾಡಲು ಆಗಬೇಕು. ಆಗದಿದ್ದರೆ ಇನ್ನೂ ನಿಧಾನ ಮಾಡಿ, ವಾಕಿಂಗ್ ಬಂದವರು ನಿಮ್ಮನ್ನು ದಾಟಿ ಹೋದರೂ ಪರವಾಗಿಲ್ಲ. ವಾರ ಕಳೆದಂತೆ ಓಟ ಸ್ವಲ್ಪ ಹೆಚ್ಚಿಸಿ, ನಡಿಗೆ ಇಳಿಸಿ. ಇದಕ್ಕೆ ಮೂರು ತಿಂಗಳಾದರೂ ಬೇಕು. ಅಷ್ಟು ದಿನ ಇಲ್ಲ ಅಂದರೆ ಹೆಸರನ್ನು 5 ಕಿ.ಮೀ.ಗೆ ಬದಲಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಓಡದ ದಿನಗಳಲ್ಲಿ ಎರಡು ದಿನ ಮನೆಯಲ್ಲೇ ಬಸ್ಕಿ, ಸೇತುಬಂಧಾಸನ (ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು), ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಇಷ್ಟು ಸಾಕು. ಮಂಡಿಯನ್ನು ಕಾಯುವುದು ತೊಡೆ, ಸೊಂಟದ ಸ್ನಾಯುಗಳು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದೂ ಬರೀ ನಡಿಗೆ, ಓಟ ಅಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ ಅದರ ಅರ್ಧ ಹೊತ್ತು ಜೋರು ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಈ ಕೊನೆಯ ಮಾತನ್ನು ನಮ್ಮ ಕಡೆ ಹೆಂಗಸರಿಗೆ ಯಾರೂ ಹೇಳುವುದೇ ಇಲ್ಲ.

ಅಂಜನಾದ್ರಿ ಹತ್ತಿ, ಒಳ್ಳೆಯದೇ. 575 ಮೆಟ್ಟಿಲು ಎದೆಗೂ ತೊಡೆಗೂ ಚೆನ್ನಾಗಿ ಕೆಲಸ ಕೊಡುತ್ತವೆ. ಮಂಡಿಗೆ ಪೆಟ್ಟು ಜಾಸ್ತಿ ಇಳಿಯುವಾಗ, ಅದಕ್ಕೇ ಇಳಿಯುವಾಗ ಅವಸರ ಬೇಡ, ಮರುದಿನ ಓಟವೂ ಬೇಡ. ಆದರೆ ವಾರಕ್ಕೊಂದು ಬೆಟ್ಟ ಮೂರು ದಿನದ ಓಟಕ್ಕೆ ಸಮ ಆಗಲ್ಲ. ಚೂಡಿದಾರದಲ್ಲೇ ಓಡಬಹುದು, ದುಪಟ್ಟಾ ಮನೆಯಲ್ಲಿರಲಿ. ದುಡ್ಡು ಖರ್ಚು ಮಾಡುವುದಿದ್ದರೆ ಶೂಗೆ ಮತ್ತು ಸ್ಪೋರ್ಟ್ಸ್ ಬ್ರಾಗೆ ಮಾಡಿ. ಬಿಪಿ, ಶುಗರ್ ಇದ್ದರೆ, ಇಲ್ಲವೇ ಓಡುವಾಗ ಎದೆ ಹಿಡಿದ ಹಾಗಾದರೆ, ಮೊದಲು ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ ಸರ್. 1600 ಮೀಟರ್ 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ದಿನಾ ಕಾಲುವೆ ದಂಡೆ ಮೇಲೆ ಜೀವ ಬಿಟ್ಟು ಓಡುತ್ತೇನೆ, 7 ನಿಮಿಷದ ಕೆಳಗೆ ಬರುತ್ತಿಲ್ಲ. ಈಗ ಮಂಡಿಯ ಕೆಳಗೆ ಮುಂದಿನ ಎಲುಬು ನೋಯುತ್ತಿದೆ. ಓಡುವ ಮುಂಚೆ ಹತ್ತು ನಿಮಿಷ ಬಗ್ಗುವ ಆಸನಗಳನ್ನೂ ಮಾಡುತ್ತೇನೆ.
— ಓದುಗರು, ಸಿಂಧನೂರು

ಉತ್ತರ: ದಿನಾ ಜೀವ ಬಿಟ್ಟು ಓಡುವುದೇ ತೊಂದರೆ, ತಮ್ಮಾ. ಎಲುಬು ಗಟ್ಟಿಯಾಗುವುದು ಬಿಡುವಿನ ದಿನಗಳಲ್ಲಿ, ನೀನು ಆ ಬಿಡುವನ್ನೇ ಕೊಟ್ಟಿಲ್ಲ. ಮೊದಲು ಬೆರಳಿನಿಂದ ಒತ್ತಿ ನೋಡು. ನೋವು ಎಲುಬಿನ ಉದ್ದಕ್ಕೂ ಹರಡಿದ್ದರೆ ಎರಡು ವಾರ ಓಟ ಬಿಡು, ಸೈಕಲ್ ತುಳಿ. ಒಂದೇ ಕಡೆ ಚುಚ್ಚಿದಂತೆ ನೋವು, ರಾತ್ರಿ ಮಲಗಿದಾಗಲೂ ನೋವು ಅಂದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು, ಮೂಳೆ ಡಾಕ್ಟರಿಗೆ ತೋರಿಸು. ಅದು ಶುರುವಿನ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಹಾಗಾಗಿ ಎಕ್ಸ್‌ರೇ ಸರಿ ಇದೆ ಅಂತ ಮತ್ತೆ ಓಡಬೇಡ.

ಇನ್ನು ಲೆಕ್ಕ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಒಂದು ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ನೋವು ಪೂರ್ತಿ ಹೋದ ಮೇಲೆ ನಾಲ್ಕು ದಿನ ಓಡು. ಮೂರು ದಿನ ಹಾಡು ಗುನುಗುವಷ್ಟು ನಿಧಾನ, 4–5 ಕಿ.ಮೀ. ಒಂದೇ ದಿನ ಜೋರು: 95 ಸೆಕೆಂಡಿಗೆ ಒಂದು ಸುತ್ತು, ಎರಡು ನಿಮಿಷ ನಡಿಗೆ, ಹೀಗೆ ನಾಲ್ಕು ಸಲ, ಮುಂದೆ ಆರು ಸಲ. ಪರೀಕ್ಷೆಯಲ್ಲಿ ಮೊದಲ ಸುತ್ತು 80 ಸೆಕೆಂಡಿಗೆ ಹಾರಿದರೆ ಮೂರನೇ ಸುತ್ತಿನಲ್ಲಿ ಕಾಲು ಕಲ್ಲಾಗುತ್ತೆ. ಬಗ್ಗಿ ಹಿಡಿದು ನಿಲ್ಲುವ ಆಸನಗಳನ್ನು ಓಟದ ನಂತರ ಮಾಡು. ಮುಂಚೆ ನಡಿಗೆ, ನಿಂತಲ್ಲೇ ಮಂಡಿ ಎತ್ತುವುದು, ಕಾಲು ಬೀಸುವುದು ಸಾಕು.

ಪ್ರಶ್ನೆ: ಬೇಸಿಗೆಯಲ್ಲಿ ಸಂಜೆ ಐದಕ್ಕೆ ಡ್ಯೂಟಿ ಮುಗಿಸಿ ಓಡಬಹುದಾ? ಏನು ಕುಡಿಯಬೇಕು?
— ಓದುಗರು, ರಾಯಚೂರು

ಉತ್ತರ: ಬೇಡ. ಮಧ್ಯಾಹ್ನ 40 ಡಿಗ್ರಿ ದಾಟುವ ಊರಲ್ಲಿ ಸಂಜೆ ಐದಕ್ಕೂ ಡಾಂಬರು ಕಾದೇ ಇರುತ್ತೆ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟು ಬಿಸಿಲೇರುವ ಮುಂಚೆ ಮನೆ ಸೇರಿ. ಬೆಳಿಗ್ಗೆ ಆಗಲ್ಲ ಅಂದರೆ ಆ ಎರಡು ತಿಂಗಳು ಮನೆಯೊಳಗೆ ಸೂರ್ಯ ನಮಸ್ಕಾರ, ಬಸ್ಕಿ ಹಾಕಿಕೊಂಡಿರಿ. ಅರ್ಧ ಗಂಟೆ ಓಟಕ್ಕೆ ನೀರು, ಉಪ್ಪು ಹಾಕಿದ ಮಜ್ಜಿಗೆ ಧಾರಾಳ ಸಾಕು. ಒಂದು ಗಂಟೆ ಮೀರಿದರೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯಬೇಡಿ, ಓಆರ್‌ಎಸ್ ಕೂಡ ಇರಲಿ. ಜೊತೆಗೆ ಓಡುವವರ ಮಾತು ತೊದಲಿದರೆ, ನಡಿಗೆ ತೂರಾಡಿದರೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಓಡಲು ಶುರು ಮಾಡಿದ್ದೇನೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಬಿಡಲೇಬೇಕಾ?
— ಓದುಗರು, ಬಳ್ಳಾರಿ

ಉತ್ತರ: ಬಳ್ಳಾರಿಯಲ್ಲಿದ್ದು ಬಿಡಿ ಅಂದರೆ ಕೇಳುತ್ತೀರಾ! ಓಡುವ ಮುಂಚೆ ಮಾತ್ರ ಬೇಡ, ಅರ್ಧ ದಾರಿಯಲ್ಲಿ ಎದೆ ಉರಿಯುತ್ತೆ. ಭಾನುವಾರ ಓಡಿ ಬಂದ ಮೇಲೆ ತಿನ್ನಿ, ಮಿರ್ಚಿ ಒಂದೇ ಸಾಕು, ಒಗ್ಗರಣೆಗೆ ಪುಟಾಣಿ ಪುಡಿ ಜಾಸ್ತಿ ಹಾಕಿಸಿಕೊಳ್ಳಿ.